ಎದೆಮಟ್ಟದ ರೈಲು

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಎದುರಿಗೆ ಸಿಕ್ಕಾಗ ಮಾತ್ರ ಮರ್ಯಾದೆಗೆಂದು ಬಾಲಕ್ಕೊಂದು ಅಣ್ಣ ಸೇರಿಸಿ ಏಣಿಯಣ್ಣ ಎನ್ನುತ್ತಿದ್ದರು. ಯಾವ ಬಾಗಿಲು ದಾಟುವಾಗಲೂ ತಲೆ ಬಗ್ಗಿಸಲೇಬೇಕಾದಷ್ಟು ಉದ್ದದ ಆಳು. ಇಷ್ಟುದ್ದದ ಮನುಷ್ಯ ದುಡಿದದ್ದೆಲ್ಲ ನೆಲದ ಹತ್ತಿರ ಕೂತೇ. ಪೇಟೆಯ ದೊಡ್ಡ ಚಪ್ಪಲಿ ಅಂಗಡಿಗೆ ಮೀಸೆ ಮೂಡುವ ಮೊದಲೇ ಸೇರಿದವನು ಕೂದಲು ನೆರೆತ ಮೇಲೆ ಹೊರಗೆ ಬಂದ. ಅಷ್ಟೂ ಕಾಲ ಗಿಡ್ಡ ಸ್ಟೂಲಿನ ಮೇಲೆ ಮಂಡಿ ಮಡಚಿ ಕೂತು, ಬಂದವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಲೇಸು ಕಟ್ಟಿ, ಕತ್ತೆತ್ತಿ, “ಹೆಬ್ಬೆರಳು ಒತ್ತುತ್ತಾ ಸಾರ್? ನಾಲ್ಕು ಹೆಜ್ಜೆ ನಡೆದು ನೋಡಿ” ಎನ್ನುವುದೇ ಕೆಲಸ. ಗಿರಾಕಿಗಳ ಮುಖ ಅವನಿಗೆ ನೆನಪಿರುತ್ತಿರಲಿಲ್ಲ. ಕಾಲು ಕಂಡರೆ ಸಾಕು, ಯಾರ ಮನೆಯವರು ಎಂದು ಹೇಳಿಬಿಡುತ್ತಿದ್ದ.

ಅಂಗಡಿ ಬಿಡುವ ದಿನ ಅವನು ಅಕ್ಕನಿಗೆ ಒಂದು ಮಾತು ಹೇಳಿದ: “ಇವತ್ತಿಗೆ ಮುಗೀತು ಕಣೇ ಅಕ್ಕ. ಇನ್ನು ನಾನು ಯಾವುದಕ್ಕೂ ಬಗ್ಗೋನಲ್ಲ.”

ಅಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. “ಬಗ್ಗದೆ ಊಟ ಹೇಗೆ ಮಾಡ್ತೀಯೋ? ನಿಂತ್ಕೊಂಡಾ?” ಎಂದು ದಾರ ಕಡಿದಳು.

ಆ ಮನೆಯಲ್ಲಿ ಇದ್ದವರು ಇವರಿಬ್ಬರೇ. ಅವನಿಗೆ ಮದುವೆ ಆಗಲಿಲ್ಲ, ಅವಳಿಗೆ ಆದದ್ದು ನಿಲ್ಲಲಿಲ್ಲ. ತಂದೆತಾಯಿ ಬೇಗ ಹೋದ ಮೇಲೆ ಅಕ್ಕನೇ ಶಾಲೆಮಕ್ಕಳ ಯೂನಿಫಾರ್ಮು ಹೊಲಿದು ಅವನನ್ನು ಸಾಕಿದ್ದು. ಹೊಲಿದೂ ಹೊಲಿದೂ ಬೆನ್ನು ಬಾಗಿತು ಎಂದು ಬೀದಿಯವರು ಹೇಳುತ್ತಿದ್ದರು. ಮೂಳೆ ಸವೆದಿದೆ ಎಂದು ಡಾಕ್ಟರು ಹೇಳಿದ್ದರು. ಅಂತೂ ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಬಾಗುತ್ತ ಬಂದು, ಈಗ ಎದ್ದು ನಿಂತರೆ ಅವಳ ಕಣ್ಣು ತಮ್ಮನ ಬೆಲ್ಟಿನ ಬಕಲ್ಲಿನ ಮಟ್ಟಕ್ಕೆ ಬರುತ್ತಿತ್ತು. ಕತ್ತೆತ್ತಿದರೆ ತಲೆ ಸುತ್ತುತ್ತಿತ್ತು. ತಮ್ಮನ ಮುಖ ನೋಡಬೇಕಾದರೆ ಅವನು ಕೂರುವವರೆಗೂ ಕಾಯುತ್ತಿದ್ದಳು.

ಬಗ್ಗದ ಬದುಕಿಗೆ ಏಣಿ ಆರಿಸಿಕೊಂಡದ್ದು ಆಟದ ರೈಲು. ಆಟದ್ದು ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಅಂಗಡಿಯ ಎದುರು ಸಾಲಿನಲ್ಲಿದ್ದ ಒಂದು ಗಾಜಿನ ಕಪಾಟಿನಲ್ಲಿ ಪುಟ್ಟ ಎಂಜಿನ್ನು, ಪುಟ್ಟ ಬೋಗಿಗಳು ಸುತ್ತುವುದನ್ನು ಪ್ರಾಯದಿಂದಲೂ ನೋಡುತ್ತ ಬಂದವನು. ಈಗ ಹಿಂದಿನ ಕೋಣೆ ಖಾಲಿ ಮಾಡಿ, ಅಲ್ಲಿ ಒಂದು ಊರನ್ನೇ ಕಟ್ಟುತ್ತೇನೆ ಎಂದು ಹೊರಟ. ಹಳಿ, ಸ್ಟೇಷನ್ನು, ಗುಡ್ಡ, ಸೇತುವೆ ಎಲ್ಲವೂ ಒಂದು ದೊಡ್ಡ ಹಲಗೆಯ ಮೇಲೆ. ವೈರಿನ ಕೆಲಸಕ್ಕೆ ಗೆಳೆಯನೊಬ್ಬ ಜೊತೆಯಾದ. ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಮಾಡುತ್ತಿದ್ದವನು. ರೇಡಿಯೋ ಕೇಳುವವರು ಕಡಿಮೆಯಾದ ಮೇಲೆ ಅವನ ಕೈಯೂ ಖಾಲಿಯಾಗಿತ್ತು.

ಮೊದಲು ತೀರ್ಮಾನವಾಗಬೇಕಾಗಿದ್ದದ್ದು ಹಲಗೆಯ ಎತ್ತರ. ಒಮ್ಮೆ ಕಾಲು ಜೋಡಿಸಿ ಹಳಿ ಕೂರಿಸಿದ ಮೇಲೆ ಮೇಲೆ ಕೆಳಗೆ ಮಾಡುವಂತಿಲ್ಲ. ಏಣಿ ಅಂಗಡಿಯಿಂದ ಖಾಲಿ ಶೂ ಡಬ್ಬಿಗಳನ್ನು ತಂದು ಕೋಣೆಯ ನಾಲ್ಕು ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಒಂದು ತುಂಡು ಹಳಿ, ಹಳಿಯ ಮೇಲೆ ಎಂಜಿನ್ನು. ಒಂದೊಂದೇ ವರಸೆ ಡಬ್ಬಿ ಏರಿಸುತ್ತ, ದೂರ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತ ವಾರಗಟ್ಟಲೆ ಕಳೆದ.

“ಸೊಂಟದ ಮಟ್ಟಕ್ಕಿಂತ ಮೇಲೆ ಬೇಡ ಕಣಯ್ಯಾ,” ಎಂದ ರೇಡಿಯೋ ಗೆಳೆಯ. “ಗೋಡೆ ಕಡೆ ರೈಲು ಬಿದ್ದರೆ ಕೈ ಚಾಚಿ ಎತ್ಬೇಕಲ್ಲ. ಎತ್ತರ ಆದಷ್ಟೂ ಕೈ ಕಡಿಮೆ ದೂರ ಹೋಗತ್ತೆ.”

“ಸೊಂಟದ ಮಟ್ಟದಲ್ಲಿಟ್ಟರೆ ಮೇಲಿಂದ ನೋಡಿದ ಹಾಗಾಗತ್ತೆ. ಬರೀ ಬೋಗಿಯ ನೆತ್ತಿ ಕಾಣತ್ತೆ. ಪ್ಲಾಟ್‌ಫಾರಂ ಮೇಲೆ ನಿಂತ ಹಾಗೆ ಕಾಣ್ಬೇಕು ನನಗೆ. ಎದೆಮಟ್ಟ!”

“ನಿನ್ನ ಎದೆಮಟ್ಟ ನನ್ನ ಗಲ್ಲದ ಮಟ್ಟ, ಗೊತ್ತಾ?”

“ನೀನು ವೈರು ಎಳೆಯೋನು. ಕೆಳಗೆ ಆರಾಮಾಗಿ ಕೂತ್ಕೋಬಹುದು. ತಲೆ ತಾಗಲ್ಲ. ನಿನಗೂ ಲಾಭ.”

ಏಣಿ ಎಲ್ಲರನ್ನೂ ಕೇಳಿದ. ಮಹಡಿ ಮನೆಯಾಕೆಯನ್ನು ಕರೆದು ನಿಲ್ಲಿಸಿ ಕೇಳಿದ. ಹಾಲಿನವನನ್ನು ಒಳಗೆ ಕರೆದು, “ಎಂಜಿನ್ನಿನ ಚಕ್ರ ಕಾಣತ್ತಾ? ಕತ್ತು ನೋಯುತ್ತಾ?” ಎಂದು ಕೇಳಿದ. ಕರೆಂಟು ಮೀಟರು ನೋಡಲು ಬಂದವನನ್ನೂ ಬಿಡಲಿಲ್ಲ. ಅಷ್ಟು ಹೊತ್ತೂ ಅಕ್ಕ ಅಲ್ಲೇ ಇದ್ದಳು. ಡಬ್ಬಿ ವಾಲುತ್ತದೆಂದು ಅವನೇ ಅವಳನ್ನು ಕರೆದಿದ್ದ: “ಅಕ್ಕ, ಈ ಮೂಲೆ ಒಂಚೂರು ಹಿಡ್ಕೋ, ನಾನು ದೂರದಿಂದ ನೋಡ್ತೀನಿ.” ಅವಳು ಎರಡೂ ಕೈಯಲ್ಲಿ ಡಬ್ಬಿಗಳನ್ನು ತಬ್ಬಿ ಹಿಡಿದು, ಅವುಗಳ ಮೇಲಿನ ಅಂಕಿಗಳನ್ನು ನೋಡುತ್ತ ನಿಂತಿದ್ದಳು. ಹಲಗೆ ಅವಳ ತಲೆಯ ಮೇಲಕ್ಕಿತ್ತು.

ಎದೆಮಟ್ಟವೇ ಗೆದ್ದಿತು. ಕಾಲು ಜೋಡಿಸಿದ್ದಾಯಿತು, ಹಳಿ ಕೂರಿಸಿದ್ದಾಯಿತು. ಕೆಳಗಿನ ವೈರು, ಡಬ್ಬಿ, ಅಂಟಿನ ಬಾಟಲಿಗಳು ಕಾಣಬಾರದೆಂದು ಸುತ್ತ ಒಂದು ಹಸಿರು ಬಟ್ಟೆಯ ಪರದೆ ಇಳಿಬಿಡಬೇಕೆಂದಾಗ ಅಕ್ಕನೇ ಹೊಲಿದುಕೊಟ್ಟಳು. ನಿರಿಗೆ ಹಿಡಿದು, ಅಂಚು ಮಡಚಿ, ಒಳ್ಳೆ ಮದುವೆಮನೆಯ ಮೇಜಿನಂತೆ ಕಾಣುವ ಹಾಗೆ.

ಮೊದಲ ಸಲ ರೈಲು ಸುತ್ತು ಬಂದ ದಿನ ಏಣಿ ಕುಣಿದಾಡುವುದೊಂದು ಬಾಕಿ. “ನೋಡು ಅಕ್ಕ, ನೋಡು ನೋಡು!” ಎಂದು ಕೂಗಿದ. ಬಾಗಿಲಲ್ಲಿ ನಿಂತಿದ್ದ ಅಕ್ಕ, “ಚೆನ್ನಾಗಿದೆ ಕಣೋ,” ಎಂದಳು.

ಆಮೇಲೆ ಎರಡು ವರ್ಷ ಆ ಕೋಣೆಯೇ ಅವನ ಲೋಕವಾಯಿತು. ಊಟಕ್ಕೆ ಕೂತಾಗ ಅಕ್ಕನಿಗೆ ವರದಿ ಒಪ್ಪಿಸುತ್ತಿದ್ದ. ಇವತ್ತು ಸ್ಟೇಷನ್ನಿಗೆ ಕೆಂಪು ಹೆಂಚು ಹೊದಿಸಿದೆ, ಇವತ್ತು ಗುಡ್ಡದಲ್ಲಿ ಸುರಂಗ ಕೊರೆದೆ, ಎಂಜಿನ್ನು ಒಳಗೆ ಹೋಗಿ ಆ ಕಡೆಯಿಂದ ದೀಪ ಹಾಕಿಕೊಂಡು ಬರುತ್ತೆ ನೋಡು, ಎಂದೆಲ್ಲ. ಅಕ್ಕ ಚೆನ್ನಾಗಿ ಕೇಳುತ್ತಿದ್ದಳು. ಸುರಂಗದ ಬಾಯಿಗೆ ಕಲ್ಲು ಕಟ್ಟಿದ್ದೀಯಾ, ಪ್ಲಾಟ್‌ಫಾರಮ್ಮಿನಲ್ಲಿ ಬೆಂಚು ಇದೆಯಾ ಎಂದು ಕೇಳುತ್ತಲೂ ಇದ್ದಳು. ಹೊಸದನ್ನು ಮಾಡಿದಾಗ ಅವನು ಕೊಚ್ಚಿಕೊಳ್ಳುತ್ತಿದ್ದ. ಕೆಟ್ಟದ್ದನ್ನು ಕಿತ್ತಾಗ ಬಾಯಿ ಬಿಡುತ್ತಿರಲಿಲ್ಲ. ಸುರಂಗದಲ್ಲಿ ಎಂಜಿನ್ನು ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಬೇಸತ್ತು ಒಂದು ದಿನ ಗುಡ್ಡವನ್ನೇ ಕತ್ತರಿಸಿ ಹಾಕಿದ. ಕೆಂಪು ಹೆಂಚಿಗೆ ಅಂಟು ಹಿಡಿಯದೆ ಒಂದೊಂದೇ ಉದುರಿದಾಗ ಬೂದುಬಣ್ಣದ ತಗಡು ಹೊದಿಸಿದ. ಇವೆರಡೂ ಊಟದ ಮಾತಿಗೆ ಬರಲಿಲ್ಲ.

ರೇಡಿಯೋ ಗೆಳೆಯನಿಗೆ ಇಂಥದೇ ಹುಚ್ಚಿನ ಕೆಲವರ ಪರಿಚಯವಿತ್ತು. ಒಂದು ಭಾನುವಾರ ಬೆಳಿಗ್ಗೆ ಅವರನ್ನು ಕರೆತಂದ. ನಿವೃತ್ತ ಎಂಜಿನಿಯರೊಬ್ಬರು, ಕನ್ನಡಕದ ಅಂಗಡಿಯವರು, ಶಾಲೆಯ ಟೀಚರಮ್ಮ ಒಬ್ಬರು. ಮಹಡಿ ಮನೆಯಾಕೆಯೂ ಇಳಿದು ಬಂದಳು. ಏಣಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲೊಂದು ಕೋಲು ಹಿಡಿದು ವಿವರಣೆಗೆ ನಿಂತ.

“ಎಲ್ಲಕ್ಕಿಂತ ಮುಖ್ಯ ಎತ್ತರ,” ಎಂದು ಶುರು ಮಾಡಿದ. “ಎಲ್ಲರೂ ಇಲ್ಲೇ ತಪ್ಪು ಮಾಡೋದು. ನಾನು ವಾರಗಟ್ಟಲೆ ಪರೀಕ್ಷೆ ಮಾಡಿದೆ. ಬಂದವರನ್ನೆಲ್ಲ ನಿಲ್ಲಿಸಿ ಕೇಳಿದೆ. ನಮ್ಮ ಮನೆಗೆ ಯಾರೇ ಬರಲಿ, ಬಗ್ಗದೆ, ಕತ್ತು ನೋಯದೆ ನೋಡಬಹುದು.”

ಎಂಜಿನಿಯರು ತಲೆದೂಗಿದರು. ರೈಲು ಸುತ್ತಿತು. ಎಲ್ಲರೂ ಹೊಗಳಿದರು. ಅಕ್ಕ ತಟ್ಟೆಯಲ್ಲಿ ಟೀ ಲೋಟಗಳನ್ನು ತಂದಾಗ ಟೀಚರು ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಮೆಲ್ಲಗೆ ಬಗ್ಗಿ, “ಅಮ್ಮಾ, ನಿಮಗೆ ಇದರಲ್ಲಿ ಯಾವುದು ಇಷ್ಟ?” ಎಂದು ಕೇಳಿದರು.

ತಮ್ಮನ ಮಾನ ಕಾಯುವ ಸರದಿ ತನ್ನದು ಎಂದುಕೊಂಡಳೋ ಏನೋ, ಅಕ್ಕ ಉತ್ಸಾಹದಿಂದಲೇ ಹೇಳಿದಳು: “ಸ್ಟೇಷನ್ನಿನ ಕೆಂಪು ಹೆಂಚು ತುಂಬಾ ಇಷ್ಟ. ಆಮೇಲೆ ಆ ಸುರಂಗ! ಕತ್ತಲೆಯಿಂದ ದೀಪ ಹಾಕ್ಕೊಂಡು ಬರತ್ತಲ್ಲ, ಅದನ್ನ ನೋಡ್ತಾ ಇದ್ದರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.”

ಎಲ್ಲರ ಕಣ್ಣೂ ಹಲಗೆಯ ಮೇಲೆ ಹೋಗಿ, ಬೂದು ತಗಡಿನ ಸ್ಟೇಷನ್ನನ್ನು ನೋಡಿ, ಇಲ್ಲದ ಸುರಂಗವನ್ನು ಹುಡುಕಿ, ವಾಪಸು ಅಕ್ಕನ ಮೇಲೆ ಬಂತು. ಏಣಿಯೂ ಅಕ್ಕನನ್ನು ನೋಡಿದ. ಬೆನ್ನು ಬಾಗಿಸಿ ನಿಂತಿದ್ದ ಅವಳ ಮುಖದ ನೇರಕ್ಕೆ ಇದ್ದದ್ದು ಹಸಿರು ಪರದೆ. ಅವಳೇ ಹಿಡಿದ ನಿರಿಗೆಗಳು. ಅದರಾಚೆ ಏನೂ ಇಲ್ಲ. ಎರಡು ವರ್ಷದಲ್ಲಿ ಅವಳು ಒಂದೇ ಒಂದು ಸಲವೂ ರೈಲನ್ನು ಕಂಡಿಲ್ಲ ಎಂಬುದು ಅವನಿಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ಹೊಳೆಯಿತು.

ಹೊಳೆದ ಮೇಲೂ ಅವನು ಹೇಳಿದ್ದು ಬೇರೆ. ‘ಯಾರೇ ಬರಲಿ’ ಎಂದ ಮಾತು ಇನ್ನೂ ಗಾಳಿಯಲ್ಲೇ ಇತ್ತು. ಎಂಜಿನಿಯರು ಹುಬ್ಬೇರಿಸಿ ಅವನ ಕಡೆ ನೋಡುತ್ತಿದ್ದರು. ಏಣಿ ನಕ್ಕುಬಿಟ್ಟ.

“ಅಕ್ಕನಿಗೆ ಈಗೀಗ ಸ್ವಲ್ಪ ಮರೆವು ನೋಡಿ.”

ಅಯ್ಯೋ ಪಾಪ ಎಂಬ ಸದ್ದು ಕೋಣೆಯ ತುಂಬ ಹರಡಿತು. ಅಕ್ಕ, “ಹೌದಮ್ಮ, ಮರೆವು,” ಎಂದು ಟೀಚರಿಗೆ ಹೇಳಿ, ಖಾಲಿ ಲೋಟ ಕೇಳಿ ಇಸಿದುಕೊಂಡು ಒಳಗೆ ಹೋದಳು. ಟೀಚರು ಇನ್ನೂ ಟೀ ಕುಡಿದಿರಲೇ ಇಲ್ಲ.

ಹೊರಡುವಾಗ ಟೀಚರು ಅವನನ್ನು ಪಕ್ಕಕ್ಕೆ ಕರೆದು, ಮರೆವಿನ ರೋಗಕ್ಕೆ ಒಳ್ಳೆ ಡಾಕ್ಟರಿದ್ದಾರೆ, ಈಗಲೇ ತೋರಿಸಿ, ಎಂದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಏಣಿಗೆ ನೆಲ ಬಿರಿದು ನುಂಗಬಾರದೇ ಎನಿಸಿತು. “ತೋರಿಸ್ತೀನಿ ಮೇಡಂ,” ಎಂದ.

ಅಂದು ಊಟಕ್ಕೆ ಕೂತಾಗ ವರದಿ ಇರಲಿಲ್ಲ. ಅಕ್ಕ ಬಡಿಸಿದಳು, ಅವನು ತಿಂದ. ಕ್ಷಮಿಸು ಎನ್ನುವುದು ಅವನಿಂದಾಗಲಿಲ್ಲ. ಅವಳೇನಾದರೂ ಬೈದಿದ್ದರೆ ಸುಲಭವಾಗುತ್ತಿತ್ತು. ಅವಳು ಬೈಯಲಿಲ್ಲ, ಮಾತೂ ಬಿಡಲಿಲ್ಲ. ಉಪ್ಪು ಬೇಕಾ ಎಂದು ಕೇಳಿದಳು.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಮಹಡಿ ಮನೆಯಾಕೆಯ ಬಾಯಿಗೆ ಬಿದ್ದದ್ದು ಬೀದಿಗೆ ಬಿದ್ದ ಹಾಗೆಯೇ. ವಾರ ಕಳೆಯುವುದರೊಳಗೆ ಹಾಲಿನವನು, “ಅಮ್ಮಾ, ಒಲೆ ಆರಿಸಿದ್ದೀರಾ?” ಎಂದು ಬಾಗಿಲಿಂದಲೇ ಕೂಗತೊಡಗಿದ. ಯೂನಿಫಾರ್ಮು ಹೊಲಿಸುತ್ತಿದ್ದ ಇಬ್ಬರು ತಾಯಂದಿರು ಬಟ್ಟೆ ವಾಪಸು ತೆಗೆದುಕೊಂಡು ಹೋದರು. ಅಳತೆ ಮರೆತುಬಿಟ್ಟರೆ ಎಂಬ ಭಯ. ಮೂಲೆಯ ದಿನಸಿ ಅಂಗಡಿಯವನಂತೂ ಅಕ್ಕ ಬಂದರೆ ಕಿವುಡರೊಡನೆ ಮಾತಾಡುವಂತೆ ಏರುದನಿಯಲ್ಲಿ, “ಇದು ಸೋಪು ಅಮ್ಮಾ! ಸೋಪು! ಮನೆ ದಾರಿ ಗೊತ್ತಲ್ಲ? ಯಾರನ್ನಾದರೂ ಕಳಿಸ್ಲಾ?” ಎನ್ನುತ್ತಿದ್ದ. ಕೆಟ್ಟವನಲ್ಲ, ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಿದ್ದ. ಒಂದು ಸಂಜೆ ಏಣಿ ಬ್ಲೇಡು ತರಲು ಹೋದವನು ಈ ಕೂಗನ್ನು ಕೇಳಿ ಅಂಗಡಿಯ ಹೊರಗೇ ನಿಂತುಬಿಟ್ಟ. ಅಕ್ಕ ಚೀಲ ಹಿಡಿದು ಹೊರಗೆ ಬಂದಳು. ಅವಳ ಕಣ್ಣು ನೆಲದ ಮೇಲಿತ್ತು. ಅವನ ಚಪ್ಪಲಿ ಗುರುತು ಸಿಕ್ಕಿರಬೇಕು. ನಿಲ್ಲದೆ ಪಕ್ಕದಲ್ಲೇ ಹಾದು ಹೋದಳು.

ಮಾರನೆಯ ದಿನ ಅವನು ರೇಡಿಯೋ ಗೆಳೆಯನನ್ನು ಕರೆಸಿ ಇದ್ದದ್ದು ಇದ್ದ ಹಾಗೆ ಹೇಳಿದ. ಗೆಳೆಯ, “ಥೂ,” ಎಂದ ಅಷ್ಟೇ. ಏಣಿಗೆ ಅದೇ ಹಿತವೆನಿಸಿತು.

ಇಬ್ಬರೂ ಗರಗಸ ಹಿಡಿದು ಕೋಣೆಗೆ ಹೋದಾಗ ಅಕ್ಕ ಬಾಗಿಲಿಗೆ ಬಂದಳು.

“ಏನು ಮಾಡ್ತಾ ಇದ್ದೀರಿ?”

“ಕಾಲು ಕತ್ತರಿಸ್ತೀವಿ ಅಕ್ಕ. ನಿನಗೆ ಕಾಣಿಸೋ ಹಾಗೆ...”

“ನಾನು ಕೇಳಿದ್ನಾ?”

ಏಣಿ ಗರಗಸ ಕೆಳಗಿಟ್ಟ. ಮಾತು ಹೊರಬರಲು ಅದೇ ಸಮಯ ಕಾಯುತ್ತಿತ್ತೇನೋ. “ಎರಡು ವರ್ಷ ಯಾಕೆ ಹೇಳ್ಲಿಲ್ಲ ಅಕ್ಕ, ಕಾಣಿಸಲ್ಲ ಅಂತ?”

“ಮೊದಲ ದಿನ ನೀನು ನೋಡು ಅಂದೆ, ನಾನು ಚೆನ್ನಾಗಿದೆ ಅಂದುಬಿಟ್ಟೆ. ಅಂದ ಮೇಲೆ ಕಾಣಿಸಲ್ಲ ಅನ್ನೋದು ಹೇಗೆ? ನನಗೂ ನಾಚಿಕೆ ಇರಲ್ವಾ, ಇಷ್ಟು ಕುಳ್ಳಿ ಆಗಿಬಿಟ್ಟೆ ಅಂತ?” ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಹಲಗೆಯ ಅಡಿಯದೆಲ್ಲ ಗೊತ್ತು ನನಗೆ. ಗುಡಿಸೋಳು ನಾನೇ ತಾನೆ? ಯಾವ ವೈರು ಎಲ್ಲಿ ಹೋಗತ್ತೆ, ಯಾವ ಮೊಳೆ ತುದಿ ಚಾಚಿದೆ, ಎಲ್ಲ. ಎತ್ತರದ ಮಾತು ಬಿಡು. ಅದು ನಿನಗೆ ತೋಚಲಿಲ್ಲ. ತೋಚದೇ ಇರೋದು ಯಾರಿಗೂ ಆಗತ್ತೆ. ಮರೆವು ಅಂದೆಯಲ್ಲ, ಅದು ತೋಚಿಯೇ ಅಂದದ್ದು.”

ರೇಡಿಯೋ ಗೆಳೆಯ ಗೋಡೆ ಕಡೆ ತಿರುಗಿ ಒಂದು ವೈರನ್ನು ಬಹಳ ಆಸ್ಥೆಯಿಂದ ಪರೀಕ್ಷಿಸತೊಡಗಿದ. ಏಣಿಯ ಮೈ ಹಿಡಿಯಷ್ಟಾಯಿತು. ಅಕ್ಕನ ಮುಂದೆ ಅವನು ನೆಲದ ಮೇಲೆ ಕೂತ. ಆಗ ಅವಳ ಮುಖ ಕಂಡಿತು. ಅವಳು ಅಳುತ್ತಿರಲಿಲ್ಲ, ಸಿಟ್ಟಾಗಿದ್ದಳು.

“ತಪ್ಪಾಯ್ತು,” ಎಂದ.

“ನನಗೆ ಗೊತ್ತು ನನಗೆ ಮರೆವಿಲ್ಲ ಅಂತ. ಹೋಗಿ ಗೊತ್ತಿಲ್ಲದೋರಿಗೆ ಹೇಳು.”

ಅವನು ಹೋದ. ದಿನಸಿ ಅಂಗಡಿಯಲ್ಲಿ ಜನ ನಿಂತಿದ್ದರು. ಅವರು ಹೋಗಲಿ ಎಂದು ಕಾಯಬಹುದಿತ್ತು. ಕಾಯದೆ ಅವರ ಮುಂದೆಯೇ ಹೇಳಿದ: “ನಮ್ಮಕ್ಕನಿಗೆ ಮರೆವು ಗಿರೆವು ಏನೂ ಇಲ್ಲ. ಜನರ ಮುಂದೆ ಮಾನ ಹೋಗತ್ತೆ ಅಂತ ನಾನೇ ಸುಳ್ಳು ಹೇಳಿದ್ದೆ.” ಹೇಳಿ ಮುಗಿಸುವಷ್ಟರಲ್ಲಿ ಕಿವಿ ಕಾದ ಕಾವಲಿಯಾಗಿತ್ತು.

ಅಂಗಡಿಯವನು ತಕ್ಕಡಿ ಬಿಟ್ಟು ಹೊರಗೆ ಬಂದು ಅವನ ತೋಳು ಹಿಡಿದುಕೊಂಡ. “ಇರ್ಲಿ ಬಿಡಿ ಏಣಿಯಣ್ಣ. ನನಗೆ ಅರ್ಥ ಆಗತ್ತೆ. ನಮ್ಮಜ್ಜಿಗೂ ಹೀಗೇ ಆದಾಗ ನಮ್ಮಪ್ಪ ಕೂಡ ಒಪ್ಕೊಳ್ಳಲೇ ಇಲ್ಲ. ಅವಳಿಗೇನೂ ಆಗಿಲ್ಲ ಅಂತ ಎಲ್ಲರ ಹತ್ರ ಜಗಳ ಆಡ್ತಿದ್ರು. ನಾವೆಲ್ಲ ಇದ್ದೀವಿ, ನೋಡ್ಕೋತೀವಿ.”

“ಹಾಗಲ್ಲಪ್ಪ, ನಿಜವಾಗ್ಲೂ...”

“ಆಯ್ತು, ನಿಜ. ನೀವು ಟೀ ಕುಡೀರಿ.”

ನಿಂತವರೆಲ್ಲ ಅವನನ್ನು ಕರುಣೆಯಿಂದ ನೋಡಿದರು. ಒಬ್ಬಾಕೆಯಂತೂ, “ಎಂಥ ತಮ್ಮ ನೋಡಿ!” ಎಂದು ಪಕ್ಕದವಳಿಗೆ ಹೇಳಿದ್ದು ಕೇಳಿಸಿತು. ಒಂದು ಸುಳ್ಳು ಹೇಳಿ ಅಕ್ಕನ ಮಾನ ಕಳೆದವನಿಗೆ, ನಿಜ ಹೇಳಿದ್ದಕ್ಕೆ ಒಳ್ಳೆಯ ತಮ್ಮ ಎಂಬ ಹೆಸರು ಬಂದಿತ್ತು. ಅವನು ಟೀ ಕುಡಿಯದೆ ತಲೆ ತಗ್ಗಿಸಿಕೊಂಡು ಮನೆಗೆ ಬಂದ.

ಹಲಗೆ ಇಳಿಸುವ ಕೆಲಸ ಮೂರು ದಿನ ಹಿಡಿಯಿತು. ಈ ಸಲ ಎತ್ತರ ನೋಡಿದ್ದು ಅಕ್ಕನ ಕಣ್ಣಿನಿಂದ. ನಿಂತು ನೋಡಿದಳು, ಕುರ್ಚಿಯಲ್ಲಿ ಕೂತು ನೋಡಿದಳು. ಕೂತೇ ನೋಡುವ ಎತ್ತರ ಸರಿ ಎಂದಳು. ಕೂತರೆ ಅವನಿಗೂ ಅಷ್ಟೇ ಎತ್ತರ ಹೊಂದುತ್ತಿತ್ತು. ಒಂದು ಕಾಲನ್ನು ಹೆಚ್ಚಿಗೆ ಕತ್ತರಿಸಿ ಅದರಡಿ ಮರದ ಚೂರು ತುರುಕಬೇಕಾಯಿತು. ಇಳಿಸುವ ರಭಸಕ್ಕೆ ಸೇತುವೆ ಬಿರುಕು ಬಿಟ್ಟು, ಮರಗಳೆಲ್ಲ ಉದುರಿದವು. ಕೆಳಗೆ ಕೂರಲು ಜಾಗವಿಲ್ಲದೆ ರೇಡಿಯೋ ಗೆಳೆಯ ಮೋಟಾರು ಮೆಕ್ಯಾನಿಕ್ಕಿನಂತೆ ಅಂಗಾತ ಮಲಗಿ ವೈರು ಎಳೆಯಬೇಕಾಯಿತು. ನಿಮ್ಮ ವಂಶದಲ್ಲಿ ಒಬ್ಬರಾದರೂ ಸರಿಯಾದ ಅಳತೆಗೆ ಹುಟ್ಟಬಾರದಿತ್ತೇ, ಎಂದು ಗೊಣಗಿದ. ಅಕ್ಕ ನಕ್ಕಳು. ಏಣಿಗೆ ನಗಲಾಗಲಿಲ್ಲ.

ರೈಲು ಸುತ್ತಿತು. ಅಕ್ಕ ಕುರ್ಚಿಯಲ್ಲಿ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಒಂದು ಸುತ್ತು, ಎರಡು ಸುತ್ತು ನೋಡಿದಳು.

“ಇಷ್ಟೇನಾ?”

ಏಣಿ ಉದುರಿದ್ದ ಒಂದು ಮರವನ್ನು ಎತ್ತಿ ಹಳಿಯ ಪಕ್ಕ ನಿಲ್ಲಿಸಿದ.

“ನೀನು ಹೇಳ್ತಿದ್ದದ್ದು ಕೇಳಿ ನಾನು ಇನ್ನೂ ಏನೇನೋ ಅಂದ್ಕೊಂಡಿದ್ದೆ ಕಣೋ. ದೊಡ್ಡ ಗುಡ್ಡ, ಕಾಡು, ಸ್ಟೇಷನ್ನಿನ ತುಂಬ ಜನ.” ರೈಲು ಇನ್ನೊಂದು ಸುತ್ತು ಬಂದ ಮೇಲೆ ಕೇಳಿದಳು: “ಸುರಂಗ ಯಾಕೆ ಕಿತ್ತೆ?”

“ಎಂಜಿನ್ನು ಸಿಕ್ಕಿಕೊಳ್ತಿತ್ತು.”

“ಬಾಯಿ ಅಗಲ ಮಾಡಿದ್ದರೆ ಆಗ್ತಿತ್ತಪ್ಪ.”

ಮುಂದಿನ ತಿಂಗಳು ಏಣಿ ಅದೇ ಗುಂಪನ್ನು ಮತ್ತೆ ಕರೆದ. ಎಲ್ಲರನ್ನೂ ಕುರ್ಚಿ, ಸ್ಟೂಲುಗಳ ಮೇಲೆ ಕೂರಿಸಿ, ರೈಲು ಬಿಡುವ ಮೊದಲೇ ಎದ್ದು ನಿಂತು, ಅಂದು ತಾನು ಮಾಡಿದ್ದನ್ನು ಬಿಡಿಸಿ ಹೇಳಿದ. ಎಂಜಿನಿಯರು ಮೇಲೆ ಸೂರು ನೋಡಿದರು. ಟೀಚರ ಮುಖ ಕೆಂಪಗಾಯಿತು. ಎದ್ದು ಹೋಗಿ ಅಕ್ಕನ ಪಕ್ಕದಲ್ಲಿ ಕೂತರು. ಏಣಿ ನಿಲ್ಲಿಸಲಿಲ್ಲ. ತಾನೆಂಥ ಅಲ್ಪ, ಸಾಕಿದ ಅಕ್ಕನಿಗೇ ಹೀಗೆ ಮಾಡಿದೆನಲ್ಲ, ಎಂದು ಕಣ್ಣೊರೆಸಿಕೊಳ್ಳುತ್ತ ಮೊದಲಿಂದ ಮತ್ತೆ ಶುರು ಮಾಡಿದಾಗ ಅಕ್ಕ ಕೈಯೆತ್ತಿದಳು.

“ಸಾಕು ಕೂತ್ಕೊಳ್ಳೋ. ಒಂದು ಸಲ ಹೇಳಿದ್ದು ಸರಿ. ಇನ್ನೂ ಹೇಳ್ತಾ ಹೋದರೆ ಅದೂ ಒಂದು ಜಂಬ ಆಗತ್ತೆ. ಜನ ರೈಲು ನೋಡೋಕೆ ಬಂದಿದ್ದಾರೆ.”

ಅವನು ಕೂತ. ಸ್ವಿಚ್ಚು ಅಕ್ಕನ ಕೈಯಲ್ಲಿತ್ತು. ಅಂದು ರೈಲು ಬಿಟ್ಟವಳು ಅವಳೇ. ವೇಗ ಜಾಸ್ತಿಯಾಗಿ ತಿರುವಿನಲ್ಲಿ ಎರಡು ಸಲ ಬೋಗಿಗಳು ಉರುಳಿದವು. ಕೈ ಚಾಚಿ ತಾನೇ ಎತ್ತಿ ಹಳಿಯ ಮೇಲಿಟ್ಟಳು.

ಆ ಗುಂಪಿನವರು ನಂಬಿದರು. ಬೀದಿ ಮಾತ್ರ ನಂಬಲಿಲ್ಲ. ಬಟ್ಟೆ ತೆಗೆದುಕೊಂಡು ಹೋದ ತಾಯಂದಿರಲ್ಲಿ ಒಬ್ಬಳು ವಾಪಸು ಬಂದಳು, ಇನ್ನೊಬ್ಬಳು ಬರಲಿಲ್ಲ. ಅಕ್ಕ ಅದಕ್ಕೊಂದು ದಾರಿ ಕಂಡುಕೊಂಡಳು. ಮಹಡಿ ಮನೆಯಾಕೆ ಬಂದು ಗಂಟೆಗಟ್ಟಲೆ ಪುರಾಣ ತೆಗೆದರೆ, “ಅಯ್ಯೋ, ಒಳಗೆ ಏನೋ ಕೆಲಸ ಇತ್ತಲ್ಲ, ಏನದು, ಮರೆತೇ ಹೋಯ್ತು,” ಎಂದು ಎದ್ದುಬಿಡುತ್ತಿದ್ದಳು. ಆಮೇಲೆ ಬಾಗಿಲು ಹಾಕಿಕೊಂಡು ಒಬ್ಬಳೇ ನಗುತ್ತಿದ್ದಳು. ಹೊಟ್ಟೆಗೆ ಹಾಕಿಕೊಂಡಳು ಎಂದೇ ಹೇಳಬೇಕು.

ಅವನಿಗೆ ಮಾತ್ರ ಅದು ಅರಗಲಿಲ್ಲ. ಈಗ ಅಂಗಡಿಗೆ ಅಕ್ಕನ ಜೊತೆ ಅವನೂ ಹೋಗುತ್ತಾನೆ. ಚೀಲ ಹಿಡಿಯಲು ಎನ್ನುತ್ತಾನೆ. ದಿನಸಿಯವನು ಇಂದಿಗೂ ಪ್ರೀತಿಯಿಂದ ಕೂಗುತ್ತಾನೆ: “ಇದು ಬೆಂಕಿಪೊಟ್ಟಣ ಅಮ್ಮಾ! ಬೆಂಕಿಪೊಟ್ಟಣ!” ಅಕ್ಕ, “ಹೌದಪ್ಪಾ, ಬೆಂಕಿಪೊಟ್ಟಣ,” ಎಂದು ಅಷ್ಟೇ ಜೋರಾಗಿ ಕೂಗಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಆ ಕೂಗು ಕೇಳಿದಾಗಲೆಲ್ಲ ಏಣಿ ಕಪಾಟಿನಲ್ಲಿರುವ ಏನನ್ನೋ ಓದುವವನಂತೆ ಮುಖ ತಿರುಗಿಸಿ ನಿಲ್ಲುತ್ತಾನೆ.